ಅಕ್ಕನ ಮಗಳು

ಶನಿವಾರದ ಎಣ್ಣೆನೀರಿಗೆ ಹಂಡೆ ಕಾದಿತ್ತು. ಬಚ್ಚಲ ಬಾಗಿಲಲ್ಲಿ ನಾನು ಹರಳೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದೆ. ಒಳಗೆ ಹೋದ ನನ್ನ ಗಂಡ ಓಬಳಯ್ಯನವರು ಅಂಗಿ ಬಿಚ್ಚಲಿಲ್ಲ. ನನ್ನನ್ನು ನೋಡಿದರು, ನೆಲ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೀನು ಆಚೆ ಹೋಗು ಕದ್ರಿ," ಎಂದರು. "ದೊಡ್ಡೋಳಾದ ಹುಡ್ಗಿ. ಗಂಡಸ್ರು ನೀರು ಹುಯ್ಕೊಳ್ಳೋ ಕಡೆ ನಿಂತ್ಕೋಬಾರ್ದು. ಅಕ್ಕ ನೋಡಿದ್ರೆ ನಂಗೆ ಬೈತಾಳೆ."

ಹಾಗೆಂದು ಬಾಗಿಲು ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿದರು. ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.

ನನ್ನ ಹೆಸರು ಕದರಮ್ಮ. ಕದ್ರಿ ಎಂದು ನನ್ನನ್ನು ಕರೆಯುತ್ತಿದ್ದುದು ತವರಿನವರು ಮಾತ್ರ. ಓಬಳಯ್ಯನವರೂ ಹಿಂದೆ ಹಾಗೆಯೇ ಕರೆಯುತ್ತಿದ್ದರು, ಏಕೆಂದರೆ ಅವರು ನನ್ನ ಅವ್ವನ ಒಡಹುಟ್ಟಿದ ತಮ್ಮ, ನನಗೆ ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ಹೊಸದೇನಲ್ಲ. ಬೀದಿಗೆ ಒಂದಾದರೂ ಅಂಥ ಜೋಡಿ ಇರುತ್ತದೆ. ಆದರೆ ತಾಳಿ ಕಟ್ಟಿದ ದಿನದಿಂದ ಅವರ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. "ಏಯ್ ಇವ್ಳೆ" ಎನ್ನುತ್ತಿದ್ದರು. ನಾನು "ಏನೂಂದ್ರೆ" ಎನ್ನುತ್ತಿದ್ದೆ. ಅವರು ಹೇಳಿದ ಅಕ್ಕ ಎಂದರೆ ನನ್ನ ಅವ್ವ, ಚಿಕ್ಕಮಾರಮ್ಮ. ಅವಳು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಣ್ಣು ಹಾಕಿದವರಲ್ಲಿ ಇವರೇ ಮೊದಲಿಗರು.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಮರೆವಿನ ಕಾಯಿಲೆ ಶುರುವಾಗಿ ಆಗಲೇ ನಾಲ್ಕೈದು ವರ್ಷವಾಗಿತ್ತು. ಖಾಸಗಿ ಬಸ್ಸಿನ ಡ್ರೈವರಾಗಿದ್ದ ಅವರು ಒಂದು ದಿನ ಗುಬ್ಬಿ ಸ್ಟಾಪಿನಲ್ಲಿ ಬಸ್ ನಿಲ್ಲಿಸದೆ ಹಾಗೇ ಮುಂದೆ ಹೋದರಂತೆ. ಪ್ಯಾಸೆಂಜರುಗಳು ಕೂಗಿಕೊಂಡರೂ ಕೇಳಲಿಲ್ಲವಂತೆ. ಮಾಲೀಕರು ಒಳ್ಳೆಯ ಮಾತಿನಲ್ಲೇ ಮನೆಯಲ್ಲಿರಿ ಎಂದರು. ಆಮೇಲೆ ನಿಧಾನವಾಗಿ ಒಂದೊಂದೇ ಹೋಯಿತು. ಮೊದಲು ನಿನ್ನೆಯದು, ಆಮೇಲೆ ಹೋದ ವರ್ಷದ್ದು, ಆಮೇಲೆ ಮಗಳ ಮದುವೆ. ತುಮಕೂರಿನ ಡಾಕ್ಟರು ಸಂಬಂಧದಲ್ಲಿ ಮದುವೆಯೇ ಎಂದು ಕೇಳಿದ್ದರು. ನಾನು ಹೌದು ಎಂದೆ. ಅವರು ಬರೆದುಕೊಂಡರು, ಮುಂದೆ ಏನೂ ಹೇಳಲಿಲ್ಲ. ನಾನು ಮನೆಗೆ ಬಂದು ಎಷ್ಟೋ ದಿನ ಅದೇ ಕೊರಗಿನಲ್ಲಿದ್ದೆ, ನನ್ನನ್ನು ಕಟ್ಟಿಕೊಂಡದ್ದರಿಂದಲೇ ಅವರಿಗೆ ಹೀಗಾಯಿತೇನೋ ಎಂದು. ಮುಂದಿನ ಸಲ ಹೋದಾಗ ಧೈರ್ಯ ಮಾಡಿ ಕೇಳಿದೆ. ಡಾಕ್ಟರು ನಕ್ಕು, "ಅದಕ್ಕೂ ಇದಕ್ಕೂ ಏನೂ ಇಲ್ಲಮ್ಮ, ಫಾರಂನಲ್ಲಿತ್ತು, ಕೇಳಿದೆ," ಎಂದರು.

ಆ ಶನಿವಾರ ಬಚ್ಚಲ ಬಾಗಿಲ ಹೊರಗೆ ನಿಂತು ನನಗೆ ಅರ್ಥವಾಯಿತು. ನಮ್ಮ ಮದುವೆಯೂ ಹೋಗಿತ್ತು.

*

ಗುಬ್ಬಿಯಲ್ಲಿ ನಮ್ಮ ತವರು ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ. ಮಾವ ಗುಬ್ಬಿ–ಸಿ.ಎಸ್. ಪುರ ಲೈನಿನಲ್ಲಿ ಮೊದಲು ಕ್ಲೀನರು, ಆಮೇಲೆ ಡ್ರೈವರು. ಬಸ್ಸಿನ ಹಾರನ್ ಕೇಳಿದರೆ ನಾನು ಉಣ್ಣುತ್ತಿದ್ದ ಕೈಯಲ್ಲೇ ಓಡುತ್ತಿದ್ದೆ. ಅವನು ನನ್ನನ್ನು ಎತ್ತಿ ಇಂಜಿನ್ನಿನ ಬಾನೆಟ್ ಮೇಲೆ ಕೂರಿಸುತ್ತಿದ್ದ. ಕೆಳಗೆ ಗೋಣಿಚೀಲ ಹಾಸಿರುತ್ತಿದ್ದ, ಬಿಸಿ ತಗಲಬಾರದೆಂದು. "ಏನ್ಲೇ ಕದ್ರಿ, ಇವತ್ತು ಗೇರು ನೀನಾಕ್ತೀಯೋ ನಾನಾಕ್ಲೋ?" ಎನ್ನುತ್ತಿದ್ದ. ಊರ ಹೊರಗಿನ ತಿರುವಿನ ತನಕ ಕರೆದುಕೊಂಡು ಹೋಗಿ ಇಳಿಸಿ, ಅಲ್ಲಿ ಯಾರಾದರೂ ಗುರುತಿನವರಿಗೆ ಒಪ್ಪಿಸಿ, ನಾನು ಮನೆ ದಾರಿ ಹಿಡಿಯುವುದನ್ನು ನೋಡಿಯೇ ಬಸ್ ಎತ್ತುತ್ತಿದ್ದ.

ನನಗೆ ಹದಿನೇಳು ತುಂಬುವ ಹೊತ್ತಿಗೆ ಅವ್ವ, "ಕಂಡೋರ ಮನೆಗೆ ಯಾಕೋಯ್ತೀಯ, ನಿನ್ನ ಮಾವನ ಮನೆಗೇ ಹೋಗು," ಎಂದಳು. ಕೇಳಿದ್ದಲ್ಲ, ಹೇಳಿದ್ದು. ನಿಜ ಹೇಳಬೇಕೆಂದರೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಾನೆಟ್ ಮೇಲಿನ ಜಾಗ ಇನ್ನು ನನ್ನದೇ ಎಂದುಕೊಂಡೆ.

ಮದುವೆಯ ಮಾರನೆಯ ದಿನದಿಂದ ಮಾವ ಕಾಣಲಿಲ್ಲ. ಅದೇ ಮನುಷ್ಯ, ಅದೇ ಖಾಕಿ ಅಂಗಿ, ಆದರೆ ನನ್ನ ಮುಖ ನೋಡುವುದನ್ನೇ ಬಿಟ್ಟರು. ತುಮಕೂರಿಗೆ ಬಂದು ಶಿರಾ ಗೇಟಿನ ಹಿಂದುಗಡೆ ಮನೆ ಮಾಡಿದೆವು. ದೀಪ ಆರಿಸಿದ ಮೇಲೆ ಮಾತ್ರ ಹತ್ತಿರ ಬರುತ್ತಿದ್ದರು. ಒಂದು ಮಾತೂ ಇರುತ್ತಿರಲಿಲ್ಲ. ಮುಗಿದ ಮೇಲೆ ಎದ್ದು ಹೊರಗೆ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು, ಒಂದು ಮುಗಿದ ಮೇಲೆ ಇನ್ನೊಂದು. ನಾನು ಒಳಗೆ ಮಲಗಿಕೊಂಡು ನನ್ನಲ್ಲಿ ಏನು ಕಡಿಮೆ ಎಂದು ಯೋಚಿಸುತ್ತಿದ್ದೆ. ಮೈಬಣ್ಣವೋ, ಬೆವರಿನ ವಾಸನೆಯೋ, ಮುಂದೆ ಬಂದ ಹಲ್ಲೋ. ಪೌಡರು ಹಚ್ಚಿಕೊಂಡೆ. ಓದಿದವಳಾದರೆ ಇಷ್ಟಪಡುತ್ತಾರೇನೋ ಎಂದು ಮಗಳು ಹುಟ್ಟಿದ ಮೇಲೆ ಸಂಜೆ ಶಾಲೆಗೆ ಸೇರಿ, ಎರಡು ಸಲ ಫೇಲಾಗಿ, ಎಸ್ಸೆಸ್ಸೆಲ್ಸಿ ಮುಗಿಸಿದೆ. ಮಾರ್ಕ್ಸ್ ಕಾರ್ಡು ತೋರಿಸಿದಾಗ, "ಒಳ್ಳೇದಾಯ್ತು," ಎಂದು ಹೇಳಿ ಅದನ್ನು ನನ್ನ ಕೈಗೆ ಕೊಡದೆ ಪಕ್ಕದ ಮೇಜಿನ ಮೇಲಿಟ್ಟರು.

ಕೆಟ್ಟವರಲ್ಲ. ಒಂದು ಏಟು ಹಾಕಿದವರಲ್ಲ, ಒಂದು ಕೆಟ್ಟ ಮಾತಾಡಿದವರಲ್ಲ. ಇದನ್ನೆಲ್ಲ ಬೇರೆ ಹೆಂಗಸರ ಹತ್ತಿರ ಹೇಳಿದರೆ ಸುಖ ಹೆಚ್ಚಾಗಿದೆ ಎಂದು ನಗುತ್ತಾರೆ, ಅದೂ ಗೊತ್ತಿತ್ತು. ಮಗಳು ಶಿಲ್ಪಾಳನ್ನು ಕುಣಿಗಲ್‌ಗೆ ಮದುವೆ ಮಾಡಿ ಕಳಿಸಿ, ಮನೆಯಲ್ಲಿ ನಾವಿಬ್ಬರೇ ಉಳಿದ ಮೇಲೆ, ಅವರಿಗೆ ಒಂದು ಹೊಸ ಅಭ್ಯಾಸವಾಯಿತು. ಮಲಗುವಾಗ ಮುಖ ಆ ಕಡೆ ಮಾಡಿದರೂ ಕೈ ಈ ಕಡೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು, ಬಳೆಯ ಸಮೇತ. ನನಗೆ ಅಷ್ಟೇ ಸಾಕಾಗಿತ್ತು. ಬಳೆ ಒತ್ತಿ ನೋಯುತ್ತಿದ್ದರೂ ಕೈ ಎಳೆದುಕೊಳ್ಳುತ್ತಿರಲಿಲ್ಲ.

ಬಚ್ಚಲ ಚಿಲಕ ಹಾಕಿಕೊಂಡ ದಿನ ಅದೂ ನಿಂತಿತು. ನಾನು ಅವರ ಪಕ್ಕದಲ್ಲಿ ಚಾಪೆ ಬಿಚ್ಚಿದರೆ ಎದ್ದು ಕೂರುತ್ತಿದ್ದರು. "ಅಕ್ಕನ ಹತ್ರ ಹೋಗಿ ಮಲ್ಕೋ ಕದ್ರಿ. ನಾಕ್ ಜನ ಏನಂದಾರು," ಎನ್ನುತ್ತಿದ್ದರು. ನಾನು ನಡುಮನೆಯಲ್ಲಿ ಮಲಗತೊಡಗಿದೆ. ಅವರ ಹಳೆಯ ಬಸ್ಸಿನ ಕ್ಲೀನರು ಕಾಳಯ್ಯ ಶನಿವಾರಕ್ಕೊಮ್ಮೆ ಬಂದು ನೀರು ಹಾಕಿ ಹೋಗುತ್ತಿದ್ದ. ನಾನು ಹೊರಗಿನಿಂದ ಟವೆಲು, ಪಂಚೆ ಕೊಡುತ್ತಿದ್ದೆ.

"ಒಳೀಕ್ ಬರ್ಬೇಡಿ ಅಕ್ಕ," ಎನ್ನುತ್ತಿದ್ದ ಕಾಳಯ್ಯ, "ಡ್ರೈವರಣ್ಣ ನಾಚ್ಕೊಂತವ್ನೆ." ಅವನಿಗೆ ನಗು. ನನಗೂ ಒಮ್ಮೊಮ್ಮೆ ನಗು ಬರುತ್ತಿತ್ತು.

ಇನ್ನೊಂದು ವಿಷಯವನ್ನೂ ಹೇಳಬೇಕು, ಹೇಳದಿದ್ದರೆ ಸುಳ್ಳಾಗುತ್ತದೆ. ಹಗಲು ಹೊತ್ತು ನನಗೆ ಸುಖವಾಗಿತ್ತು. ಅವರು ನನ್ನ ಮುಖ ನೋಡಿ ಮಾತಾಡುತ್ತಿದ್ದರು, ನಾನೂ ಮತ್ತೆ ಮಾವ ಎನ್ನತೊಡಗಿದ್ದೆ. ನಾನು ಅಕ್ಕಿ ಆರಿಸುತ್ತಿದ್ದರೆ ಎದುರಿಗೆ ಬಂದು ಕೂತು ಮೊರದಿಂದ ಕಲ್ಲು ಹೆಕ್ಕಿ, "ನೋಡ್ಲೇ, ಇದು ನಿನ್ನ ಹಲ್ಲು," ಎನ್ನುತ್ತಿದ್ದರು. ಅಂಗಡಿಗೆ ಹೋದರೆ ನಾಲ್ಕಾಣೆ ಪೆಪ್ಪರಮೆಂಟು ತಂದು ಗುಟ್ಟಾಗಿ ಕೈಗಿಡುತ್ತಿದ್ದರು. "ಅಕ್ಕಂಗೆ ಹೇಳ್ಬೇಡ." ಐವತ್ತೆರಡು ವರ್ಷದ ನಾನು, ಸಕ್ಕರೆ ಕಾಯಿಲೆಯವಳು, ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಗಂಡ ಮಂಕಾಗುತ್ತಿರುವಾಗ ಹೆಂಡತಿಗೆ ಹೀಗೆ ಅನ್ನಿಸುವುದು ತಪ್ಪಲ್ಲವೇ ಎಂದು ಹೆದರಿಕೆಯೂ ಆಗುತ್ತಿತ್ತು. ಸಂಜೆಯಾದರೆ ಚಾಪೆ ತೆಗೆದುಕೊಂಡು ನಡುಮನೆಗೆ ಬರುವಾಗ ಎಲ್ಲ ಸಮಸಮವಾಗುತ್ತಿತ್ತು.

*

ಶಿರಾ ಗೇಟಿನಲ್ಲಿ ಕರೀಂ ಸಾಬರ ಸೈಕಲ್ ರಿಪೇರಿ ಅಂಗಡಿ. ನಮ್ಮ ಮನೆಯವರಿಗೂ ಅವರಿಗೂ ಹಳೆಯ ಸ್ನೇಹ. ಒಂದು ಮಧ್ಯಾಹ್ನ ಅವರೇ ಇವರನ್ನು ಕೈ ಹಿಡಿದು ಕರೆತಂದು ಬಿಟ್ಟರು. ಇವರು ಒಳಗೆ ಹೋಗಿ ಮಲಗಿದ ಮೇಲೂ ಹೋಗದೆ ಹೊಸ್ತಿಲಾಚೆ ನಿಂತೇ ಇದ್ದರು.

"ಕೂತ್ಕೊಳ್ಳಿ ಕರೀಂ ಸಾಬ್ರೆ, ಟೀ ಕಾಸ್ತೀನಿ."

"ಟೀ ಬ್ಯಾಡಮ್ಮ. ಒಂದು ವಿಷ್ಯ. ನೀವು ಬೇಜಾರು ಮಾಡ್ಕೋಬಾರ್ದು."

"ಏನು ಗಲಾಟೆ ಮಾಡಿದ್ರಾ?"

"ಇಲ್ಲ, ಗಲಾಟೆ ಯಾಕ್ ಮಾಡ್ತಾರೆ. ಗಂಡು ಕೇಳಕ್ಕೆ ಬಂದಿದ್ರು."

"ಯಾರಿಗೆ?"

ಕರೀಂ ಸಾಬರು ಗಡ್ಡ ಕೆರೆದುಕೊಂಡರು. "ಅಕ್ಕನ ಮಗಳಿಗಂತೆ. ಈಗ ಮೂರ್ನಾಲ್ಕು ದಿನದಿಂದ ಬರ್ತಾವ್ರೆ. ಮೊದ್ಲು ನಂಗೂ ಗೊತ್ತಾಗ್ಲಿಲ್ಲ. ಹುಡ್ಗಿ ಎಷ್ಟು ಓದವ್ಳೆ ಅಂದೆ. ಏಳ್ನೇ ಕ್ಲಾಸು, ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಆದ್ರೆ ಬಾಯಿ ಜೋರು ಅಂದ್ರು. ನಮ್ಮ ಅಂಗ್ಡಿಯೋರು ನಗಕ್ಕೆ ಶುರು ಮಾಡಿದ್ರು, ನಾನು ಗದರಿಸ್ದೆ."

"ಲೆಕ್ಕದಲ್ಲಿ ಹಿಂದೆ ಅಂದ್ರಾ?"

"ಅಂದ್ರಮ್ಮ."

ನನಗೆ ನಗು ಬಂತು, ಕರೀಂ ಸಾಬರಿಗೂ ಬಂತು. ಆಮೇಲೆ ಅವರು ದನಿ ಇಳಿಸಿದರು.

"ಇವತ್ತು ತಮಾಷೆಗೆ ನಾನೇ ತಪ್ಪು ಮಾಡ್ದೆ. ನಿಮ್ ಕಡೆ ಸೋದರಮಾವನೇ ಮಾಡ್ಕೊಂತಾರಲ್ಲ ಓಬಳಯ್ಯ, ನೀನೇ ಮಾಡ್ಕೋ ಅಂದ್ಬುಟ್ಟೆ. ಅದಕ್ಕೆ ಅತ್ಬುಟ್ರು ಕಣಮ್ಮ. ಎತ್ತಿ ಆಡಿಸಿದ ಮಗು ಕರೀಂ, ಅದನ್ನ ಹೆಂಗೆ ಕಟ್ಕೊಳ್ಲಿ, ಅಕ್ಕಂಗೆ ನೀನಾದ್ರೂ ಒಂದು ಮಾತು ಹೇಳು, ಅಂತ ನನ್ ಕೈ ಹಿಡ್ಕೊಂಡ್ರು. ಕಾಯಿಲೆ ಮಾತು. ಆದ್ರೂ ನಿಮ್ಗೆ ಹೇಳ್ದೆ ಇದ್ರೆ ಸರಿಯಲ್ಲ ಅನ್ನಿಸ್ತು."

"ಒಳ್ಳೇದು ಮಾಡಿದ್ರಿ," ಎಂದೆ. ಅವರು ಹೋದ ಮೇಲೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದ್ದು ಸೀದ ವಾಸನೆ ಬಂದ ಮೇಲೆ ಗೊತ್ತಾಯಿತು.

ಕಾಯಿಲೆಯ ಮಾತು ಹೌದೋ ಅಲ್ಲವೋ ಎಂಬುದೇ ನನ್ನ ತಲೆಯಲ್ಲಿ ಕೊರೆಯತೊಡಗಿತು. ಕಾಯಿಲೆ ಮನುಷ್ಯನಿಂದ ನೆನಪನ್ನು ಕಿತ್ತುಕೊಳ್ಳುತ್ತದೆ, ಸರಿ. ಇಲ್ಲದ್ದನ್ನು ಹುಟ್ಟಿಸುತ್ತದೆಯೇ? ಅವರು ಎಂದಾದರೂ ನನ್ನನ್ನು ಹೆಂಡತಿ ಎಂದು ಬಯಸಿದ್ದರೇ? ಮಣಿಕಟ್ಟು ಹಿಡಿದು ಮಲಗುತ್ತಿದ್ದುದು ಹೆಂಡತಿಯದನ್ನೋ, ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಅಕ್ಕನ ಮಗಳದನ್ನೋ? ಕೇಳಬಹುದಾದವರು ಒಬ್ಬರೇ, ಅವರೂ ಅದನ್ನು ಮರೆತಿದ್ದರು.

ಆ ಭಾನುವಾರ ಶಿಲ್ಪಾ ಕುಣಿಗಲ್‌ನಿಂದ ಬಂದಳು. ನಾನು ಎಲ್ಲ ಹೇಳಲಿಲ್ಲ, ಸ್ವಲ್ಪ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ಅಮ್ಮ, ನೀನೂ ಅವ್ರ ಜೊತೆ ಸೇರ್ಕೊಂಡು ಮಾವ ಮಾವ ಅಂತಿದ್ರೆ ಅವ್ರಿಗೆ ಹೆಂಗೆ ನೆನಪಾಗುತ್ತೆ? ನಾನು ನಿನ್ನ ಹೆಂಡ್ತಿ ಅಂತ ಹೇಳು. ದಿನಾ ಹೇಳು."

"ಹೇಳಿದ್ರೆ ಗಾಬರಿಯಾಗ್ತಾರೆ ಕಣೇ."

"ಆಗ್ಲಿ. ನೀನು ನಡುಮನೇಲಿ ಅನಾಥೆ ತರ ಮಲಗೋದು ನೋಡಕ್ಕಾಗಲ್ಲ ನಂಗೆ."

ಅವಳೇ ಬೀರುವಿನಿಂದ ನಮ್ಮ ಮದುವೆಯ ಫೋಟೋ ತೆಗೆದಳು. ಗುಬ್ಬಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ನಾನು ಕುರ್ಚಿಯ ಮೇಲೆ ಕೂತಿದ್ದೇನೆ, ಅವರು ಪೇಟ ಸುತ್ತಿ ಪಕ್ಕದಲ್ಲಿ ನಿಂತಿದ್ದಾರೆ. ಶಿಲ್ಪಾ ಅದನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಯಾರಪ್ಪ ಹೇಳಿ?" ಶಿಲ್ಪಾ ಕೇಳಿದಳು.

"ಕದ್ರಿ ಅಲ್ವಾ? ಅಕ್ಕನ ಮಗಳು."

"ಪಕ್ಕದಲ್ಲಿ?"

ಅವರು ಹುಬ್ಬು ಗಂಟಿಕ್ಕಿದರು. "ಯಾರೋ. ಈ ಹುಡ್ಗೀನ ಇವ್ನಿಗಾ ಕೊಟ್ಟಿದ್ದು? ನೋಡು, ಮಖ ಎಷ್ಟು ಗಂಟು ಹಾಕ್ಕೊಂಡವ್ನೆ. ಮದುವೆ ದಿನ ಯಾರಾದ್ರೂ ಹಿಂಗೆ ನಿಂತ್ಕೊಂತಾರಾ? ನಾನಿದ್ದಿದ್ರೆ ಬ್ಯಾಡ ಅಂತಿದ್ದೆ."

ಶಿಲ್ಪಾ ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನಾನು ಫೋಟೋ ತೆಗೆದುಕೊಂಡು ನೋಡಿದೆ. ಅವರು ಹೇಳಿದ್ದು ನಿಜ. ಇಷ್ಟು ವರ್ಷ ನಾನು ಅದನ್ನು ಕ್ಯಾಮೆರಾದ ಗಾಬರಿ ಎಂದುಕೊಂಡಿದ್ದೆ.

ಬಸ್ಸು ಹತ್ತುವಾಗಲೂ ಶಿಲ್ಪಾ ಬಿಡಲಿಲ್ಲ. "ಒಂದ್ಸಲ ಆದ್ರೂ ಕೂರಿಸ್ಕೊಂಡು ನೇರವಾಗಿ ಹೇಳಮ್ಮ. ನಂಗೋಸ್ಕರ." ಹೇಳುತ್ತೇನೆ ಎಂದೆ. ಅವಳು ಹುಟ್ಟಿದ್ದು ಆ ಮದುವೆಯಿಂದ. ಅದು ಅಪ್ಪನ ತಲೆಯಲ್ಲಿ ಇಲ್ಲವೆಂದರೆ ತಾನೂ ಇಲ್ಲವೆಂದು ಅವಳಿಗೆ ಅನ್ನಿಸಿರಬೇಕು.

*

ನಾನು ಹೇಳುವ ಮೊದಲೇ ಅವರು ಹೇಳಿದರು.

ಮಾರನೆಯ ದಿನ ಇಳಿಹೊತ್ತು. ಆ ಹೊತ್ತಿಗೆ ಅವರಿಗೆ ಚಡಪಡಿಕೆ ಶುರುವಾಗುತ್ತಿತ್ತು. ಮಧ್ಯಾಹ್ನದಿಂದ ಊಟ ಮುಟ್ಟಿರಲಿಲ್ಲ. ಹಿತ್ತಲಿಗೂ ಬೀದಿ ಬಾಗಿಲಿಗೂ ತಿರುಗುತ್ತಲೇ ಇದ್ದರು. ನಾನು ಹಿತ್ತಲ ಕಲ್ಲಿನ ಮೇಲೆ ಅವರನ್ನು ಹಿಡಿದು ಕೂರಿಸಿ, "ಏನು ಮಾವ, ಏನಾಯ್ತು?" ಎಂದೆ.

"ಅಕ್ಕ ನಾಳೆ ವೀಳ್ಯದ ಶಾಸ್ತ್ರ ಇಟ್ಕೊಂಡವ್ಳೆ."

"ಯಾರಿಗೆ?"

"ನಿಂಗೆ ಗೊತ್ತಿಲ್ವಾ?" ಅವರು ಕನಿಕರದಿಂದ ನನ್ನನ್ನು ನೋಡಿದರು. "ನಿಂಗೂ ನಂಗೂ."

ನೇರವಾಗಿ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮಾವ, ಆ ಶಾಸ್ತ್ರ ಮುಗಿದು ಮೂವತ್ತೈದು ವರ್ಷವಾಯಿತು.

"ನಾನು ಒಲ್ಲೆ ಅಂದೆ ಕಣವ್ವ. ಎಷ್ಟೋ ಸತಿ ಅಂದೆ. ಅವ್ಳು ಒಂದೇ ಹಟ. ನಮ್ಮವ್ವ ಸತ್ತಾಗ ನಾನು ತೊಟ್ಟಿಲ ಕೂಸು. ಅವ್ಳೇ ಸೊಂಟದ ಮೇಲೆ ಹಾಕ್ಕೊಂಡು ಸಾಕವ್ಳೆ. ಅವ್ಳ ಮಾತು ಹೆಂಗೆ ತೆಗೆದಾಕ್ಲಿ ನಾನು?"

"ಕಟ್ಕೊಂಡ್ರೆ ಏನಾಗುತ್ತೆ ಮಾವ?"

"ಏನಾಗುತ್ತೆ ಅಂದ್ರೆ?" ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ನಿನ್ನ ಉಚ್ಚೆ ಬಟ್ಟೆ ಬದಲಾಯ್ಸಿದ ಕೈ ಇದು. ಆಮ್ಯಾಕೆ ನಿನ್ನ ಮಖ ಹೆಂಗೆ ನೋಡ್ಲಿ? ನೀನಾದ್ರೂ ಅಷ್ಟೇ. ಹಾರನ್ ಕೇಳ್ದೇಟ್ಗೆ ಓಡಿ ಬರ್ತೀಯಲ್ಲ, ಅದು ಇರಲ್ಲ. ನಾನು ಮನೆಗೆ ಬಂದ್ರೆ ತಲೆ ಬಗ್ಗಿಸ್ಕೊಂಡು ಒಳೀಕೋಯ್ತೀಯ. ಅಷ್ಟೇ ಆಗೋದು."

ಅಷ್ಟೇ ಆಗಿತ್ತು. ಆದದ್ದನ್ನು ಅವರು ಇನ್ನೂ ಆಗಿಲ್ಲವೆಂಬಂತೆ ಹೇಳುತ್ತಿದ್ದರು. ನಾನು ಪೌಡರು ಹಚ್ಚಿಕೊಂಡದ್ದು, ಸಂಜೆ ಶಾಲೆಗೆ ಹೋದದ್ದು, ಕತ್ತಲಲ್ಲಿ ಮಲಗಿ ನನ್ನ ಮೈಯನ್ನು ನಾನೇ ಬೈದುಕೊಂಡದ್ದು, ಎಲ್ಲಕ್ಕೂ ಉತ್ತರ ಅದೇ ಕಲ್ಲಿನ ಮೇಲೆ ನನ್ನ ಪಕ್ಕದಲ್ಲಿ ಕೂತಿತ್ತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ನಿನ್ನ ಯಾರಾದ್ರೂ ಕೇಳಿದ್ರಾ?" ಎಂದರು.

"ಏನನ್ನ?"

"ನಿಂಗೆ ಇಷ್ಟ ಐತಾ ಅಂತ."

"ಯಾರೂ ಕೇಳ್ಲಿಲ್ಲ."

"ನಾನು ಕೇಳ್ತಾ ಇವ್ನಿ. ಹೆದರ್ಕೋಬ್ಯಾಡ. ಹೂಂ ಅಂದ್ರೆ ಬಾಯ್ ಮುಚ್ಕೊಂಡು ತಾಳಿ ಕಟ್ತೀನಿ. ಉಹೂಂ ಅಂದ್ರೆ ನಿನ್ ಮಾತು ಹಿಡ್ಕೊಂಡು ಅಕ್ಕನ ಹತ್ರ ಹೋಯ್ತೀನಿ. ಹುಡ್ಗೀನೇ ಒಲ್ಲೆ ಅಂದ್ಮೇಲೆ ಅವ್ಳೇನು ಮಾಡ್ತಾಳೆ?"

ಆಗ ಯಾರಾದರೂ ಕೇಳಿದ್ದರೆ ನಾನು ಒಂದು ಗಳಿಗೆಯೂ ಯೋಚಿಸದೆ ಹೂಂ ಎನ್ನುತ್ತಿದ್ದೆ. ಈಗಲೂ ಬಾಯಿಗೆ ಅದೇ ಬಂತು. ಆದರೆ ಅವರ ಕಣ್ಣು ನೋಡಿದೆ. ಮಧ್ಯಾಹ್ನದಿಂದ ಉಣ್ಣದ ಮುಖ, ನಡುಗುವ ಗದ್ದ. ಕೊರಳಲ್ಲಿ ತಾಳಿ ಇಟ್ಟುಕೊಂಡು ಆ ಮಾತು ಆಡಬಹುದೋ ಬಾರದೋ ಎಂದು ಹೆದರಿದೆ. ಶಿಲ್ಪಾಳ ನೆನಪಾಯಿತು. ಆಮೇಲೆ ಅವರು ಉಂಡರೆ ಸಾಕು ಎನ್ನಿಸಿತು.

"ಉಹೂಂ ಮಾವ," ಎಂದೆ. "ನಂಗೆ ಇಷ್ಟ ಇಲ್ಲ."

ಅವರ ಭುಜ ಕೆಳಗಿಳಿದದ್ದು ಕಂಡಿತು. ಉಸಿರು ಬಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು, "ಬದುಕ್ಸಿದೆ ಕಣೇ," ಎಂದರು. ಒಳಗೆ ಬಂದು ತಟ್ಟೆಯ ಮುಂದೆ ಕೂತು ಇಡೀ ಮುದ್ದೆ ಉಂಡರು.

ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಮಾರನೆಯ ಸಂಜೆ ಮತ್ತೆ ಅಕ್ಕ ವೀಳ್ಯದ ಶಾಸ್ತ್ರ ಇಟ್ಟುಕೊಂಡಿದ್ದಳು. ಮತ್ತೆ ನನಗೆ ಗೊತ್ತಿರಲಿಲ್ಲ, ಮತ್ತೆ ಅವರು ಕೇಳಿದರು, ಮತ್ತೆ ನಾನು ಉಹೂಂ ಎಂದೆ. ಅದರ ಮಾರನೆಯ ಸಂಜೆಯೂ ಅಷ್ಟೇ. ಬೆಳಿಗ್ಗೆ ಎದ್ದು ಅವರ ಹಾಸಿಗೆ ಒಗೆದು, ಗಂಜಿ ಕುಡಿಸಿ, ಕಾಲಿಗೆ ಎಣ್ಣೆ ತಿಕ್ಕಿ, ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತು ನಾನು ನನ್ನ ಮದುವೆಯನ್ನು ಬೇಡ ಎನ್ನಬೇಕಿತ್ತು. ದೀಪ ಹಚ್ಚುವ ಹಾಗೆ ಅದೂ ಒಂದು ಕೆಲಸವಾಯಿತು. ಶಿಲ್ಪಾ ಪಕ್ಕದ ಮನೆಗೆ ಫೋನು ಮಾಡಿ, "ಹೇಳಿದ್ಯಾ ಅಮ್ಮ?" ಎಂದು ಕೇಳಿದಳು. "ಮಾತಾಡಿದ್ವಿ," ಎಂದೆ. ಅದು ಸುಳ್ಳಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ನನಗೆ ಜ್ವರ. ಎದ್ದು ಓಡಾಡುವಷ್ಟಿತ್ತು, ಆದರೆ ಮೈಕೈ ನೋವು. ಅವರು ಬೆಳಿಗ್ಗೆಯಿಂದ ಎರಡು ಸಲ ಬೀದಿಗೆ ಹೋಗಿದ್ದರು, ಎರಡು ಸಲವೂ ನಾನೇ ಹೋಗಿ ಕರೆತಂದಿದ್ದೆ. ಸಂಜೆ ಕಲ್ಲಿನ ಮೇಲೆ ಕೂತಾಗ ಅವರು ಅದೇ ಮಾತು ಶುರು ಮಾಡಿದರು. ಅಕ್ಕ, ವೀಳ್ಯ, ಸೊಂಟದ ಮೇಲೆ ಸಾಕಿದ್ದು. ನಾನು ಕಣ್ಣು ಮುಚ್ಚಿ ಕೇಳಿಸಿಕೊಂಡೆ.

"ನಿಂಗೆ ಇಷ್ಟ ಐತಾ?"

"ಹೂಂ," ಎಂದೆ.

ಏಕೆ ಅಂದೆನೋ ಈಗಲೂ ಸರಿಯಾಗಿ ಹೇಳಲಾರೆ. ಜ್ವರವಿತ್ತು. ಸಾಕಾಗಿತ್ತು. ಒಂದು ಸಲವಾದರೂ ನಿಜ ಹೇಳಬೇಕು ಅನ್ನಿಸಿತೋ, ನನ್ನನ್ನು ಹೆಂಡತಿ ಅಂತ ಒಂದು ಸಲ ನೋಡಲಿ ಅನ್ನಿಸಿತೋ.

"ನಂಗೆ ಇಷ್ಟ ಮಾವ. ನಂಗೆ ಆಗ್ಲೂ ಇಷ್ಟ ಇತ್ತು."

ಅವರು ಕಲ್ಲಿನ ಮೇಲೆ ನನ್ನಿಂದ ಒಂದಿಷ್ಟು ಸರಿದು ಕೂತರು. ಹೆಗಲ ಮೇಲಿನ ಟವೆಲನ್ನು ಎಳೆದು ಎದೆ ಮುಚ್ಚಿಕೊಂಡರು. ಕಣ್ಣು ನನ್ನ ಮುಖದಿಂದ ಇಳಿದು, ನನ್ನ ಕಾಲ ಬೆರಳಿನ ಹತ್ತಿರ ಬಂದು, ಅಲ್ಲಿಂದ ಗೋಡೆಯ ಕಡೆ ಹೋಯಿತು.

"ಸರಿ ಬುಡು," ಎಂದರು ಮೆಲ್ಲಗೆ. "ಅಕ್ಕಂಗೆ ಹೇಳ್ತೀನಿ."

ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು. ನಾನು ತಟ್ಟೆ ತೆಗೆದುಕೊಂಡು ಹೋದೆ. "ಅಲ್ಲಿಡು," ಎಂದರು, ತಲೆ ಎತ್ತದೆ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಕಾಲ ಆ ದನಿಯ ಜೊತೆ ಸಂಸಾರ ಮಾಡಿದ್ದೆ. ನಾನು ತಟ್ಟೆ ಅಲ್ಲಿಟ್ಟೆ. ಅವರು ನನ್ನನ್ನು ಹೆಂಡತಿ ಎಂದು ಗುರುತಿಸಿದ್ದರು. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ ಎಂದು ಕೇಳಿಕೊಂಡೆ. ಹೌದು, ಇದನ್ನೇ.

ಆ ಹೊತ್ತು ಅವರು ಉಣ್ಣಲಿಲ್ಲ. ನಾನು ಪಕ್ಕದಲ್ಲಿ ಚಾಪೆ ಹಾಸಿದರೂ ಬೇಡ ಎನ್ನಲಿಲ್ಲ. ಗೋಡೆಯ ಕಡೆ ಹೊರಳಿ, ಕೈಕಾಲು ಮುದುರಿಕೊಂಡು, ಮೈಯ ಒಂದು ತುದಿಯೂ ನನಗೆ ತಗಲದ ಹಾಗೆ ಮಲಗಿದರು. ಬಯಸಿದ ಜಾಗ ಸಿಕ್ಕಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾನೇ ಎದ್ದು ಚಾಪೆ ಸುತ್ತಿಕೊಂಡು ನಡುಮನೆಗೆ ಬಂದೆ.

ಮಾರನೆಯ ದಿನ ಜ್ವರ ಇಳಿದಿತ್ತು. ಅವರಿಗೆ ಏನೂ ನೆನಪಿರಲಿಲ್ಲ. "ಏನ್ಲೇ ಕದ್ರಿ, ಮಖ ಬಾಡೋಗೈತೆ?" ಎಂದು ಬೆಳಿಗ್ಗೆಯೇ ಕೇಳಿದರು. ನಿನ್ನೆಯ ಸಂಜೆ ನನ್ನೊಬ್ಬಳ ಹತ್ತಿರ ಉಳಿದಿತ್ತು. ಅದನ್ನು ಇಟ್ಟುಕೊಂಡೇ ದಿನವೆಲ್ಲ ಕೆಲಸ ಮಾಡಿದೆ. ಸಂಜೆ ಬೇಗ ಮುದ್ದೆ ಮಾಡಿ, ತಟ್ಟೆಗೆ ಬಡಿಸಿ, ಅವರನ್ನು ಕೂರಿಸಿದೆ. ಅವರು ಕೈ ಹಾಕದೆ ನನ್ನನ್ನೇ ನೋಡಿದರು.

"ಕದ್ರಿ, ಅಕ್ಕ ಒಂದು ಮಾತು ಆಡವ್ಳೆ."

"ಗೊತ್ತು ಮಾವ."

"ಗೊತ್ತಾ? ಹಂಗಾರೆ ಹೇಳು. ನಿಂಗೆ ಇಷ್ಟ ಐತಾ?"

ಹೊರಗೆ ಶಿರಾ ಕಡೆಯ ಬಸ್ಸು ಹೋಯಿತು.

"ಉಹೂಂ ಮಾವ. ಇಲ್ಲ."

"ನಂಗೊತ್ತಿತ್ತು," ಎಂದು ಅವರು ನಕ್ಕರು. ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. "ಬಾ, ನೀನೂ ಕೈ ಹಾಕು. ಒಬ್ನೇ ಉಣ್ಣೋಕೆ ಬೇಜಾರು."

ಅವರು ಉಂಡೆದ್ದ ಮೇಲೆ ಉಣ್ಣುವುದು ನನಗೆ ರೂಢಿ. ಒಂದೇ ತಟ್ಟೆಗೆ ಎಂದೂ ಕೈ ಹಾಕಿದವಳಲ್ಲ. ಕೂತೆ. ಅವರು ಮುದ್ದೆ ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಸರಿಸಿದರು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಎದ್ದು ಹೋಗಿ ತರುವಷ್ಟು ತ್ರಾಣವಿರಲಿಲ್ಲ. ಹಾಗೇ ಉಂಡೆವು.